ಕೇಳಿದ್ದಕ್ಕ ಹುಟ್ಟಿದ ಓಣಿ

ಬೆಟಗೇರಿ ಪಂಪ್‌ಹೌಸಿನ ಮಗ್ಗಲಿನ ಖೋಲಿ,
ರಾತ್ರಿ ಹನ್ನೊಂದೂವರೆ.
ಒಂದು ತಿಂಗಳ ಲಾಗ್ ಮುಂದ ಹರವಿಕೊಂಡು ಕುಂತೀನಿ,
ನಾಲ್ಕು ಸಾವಿರದ ಚಿಲ್ಲರೆ ಸಾಲು.
ತಾರೀಖು, ವೇಳೆ, ವಾರ್ಡು, ಓಣಿ, ವಾಲ್ವು,
ತೆರೆದೆ. ಮುಚ್ಚಿದೆ.
ನಡುವ ಒಮ್ಮೊಮ್ಮೆ ಮಾಬುಸಾಬ ನದಾಫ
ಮೊಬೈಲಿನಾಗ ಕುಟ್ಟಿದ ಹೆಚ್ಚಿನ ಮಾತು:
"ನಾಯಿ ಬೆನ್ನು ಹತ್ತಿತ್ತು, ಹತ್ತು ನಿಮಿಷ ತಡ."

ಸಾಹೇಬರಿಗೆ ನಾಳೆ ಹತ್ತಕ್ಕ ಒಂದ ಹಾಳಿ ಬೇಕು.
ಒಂದ.

ಪರ್ಲ್ ಹಳೇ ಭಾಷೆ,
ನನ್ನಂಗ ಗುತ್ತಿಗೆ ಮ್ಯಾಲೆ ಇಲ್ಲಿ ಉಳಿದದ್ದು.
ಅದರಾಗ ಗಂಟಿನೊಳಗ ಗಂಟು ಕಟ್ಟಬಹುದು,
ಅಕ್ಕ ಗಿರಣಿಗೆ ಬುತ್ತಿ ಕಟ್ಟಿದಂಗ:
ದೊಡ್ಡ ವಸ್ತ್ರದಾಗ ರೊಟ್ಟಿ,
ರೊಟ್ಟಿ ನಡುವ ಸಣ್ಣ ಗಂಟಿನಾಗ ಶೇಂಗಾ ಹಿಂಡಿ,
ಹಿಂಡಿ ಮಗ್ಗಲಿಗೆ ಪುಡಿಕಿ ಉಪ್ಪು.
ಹೊರಗಿಂದು ವಾರ್ಡು, ಅದರೊಳಗ ಓಣಿ,
ಓಣಿಯೊಳಗ ವಾಲ್ವು, ವಾಲ್ವಿನೊಳಗ ವೇಳೆಗಳ ಸರ.
ಹೆಸರು ಹಿಡಿದು ಕರೆದ್ರ ಸಾಕು, ಬಿಚ್ಚಿಕೋತೈತಿ.

ಸಾಲುಗಳು ಇಳಿದು
ತಮ್ಮ ತಮ್ಮ ಮನಿ ಹುಡುಕಿ ಹೋಗಿ ಕುಂತವು.
ಮೊದಲನೇ ಉತ್ತರ ನೋಡಿ ನಗು ಬಂತು.
ಒಬ್ಬ ಬಣಗಾರ ಓಣಿ ಅಂತ ಬರ್ದಿದ್ದ,
ಒಬ್ಬ ಬನಗಾರ, ಇನ್ನೊಬ್ಬ ಬಣಗರ.
ಒಂದ ಕೊಳವಿ, ಮೂರು ಕಾಗುಣಿತ,
ಪಾಲಾದ ಅಣ್ಣತಮ್ಮರಂಗ
ಯಾರ ಲೆಕ್ಕಕ್ಕೂ ನೀರು ಸಾಲದು.
ಮೂವರನ್ನ ಒಂದ ಮನಿಗೆ ತರಾಕ ಒಂದು ತಾಸು ಹಿಡೀತು.

ಸಂಜಿಮುಂದ ಒಬ್ಬಾಕಿ ಫೋನ್ ಹಚ್ಚಿದ್ದಳು, ದ್ಯಾಮಕ್ಕ ಬೆಂತೂರ.
"ಕುಸುಬಿ ಓಣಿಗೆ ನೀರು ಯಾವಾಗ್ರಿ?"
"ನೋಡಿ ಹೇಳ್ತೀನ್ರಿ" ಅಂದಿದ್ದೆ, ಎಲ್ಲಾರಿಗೂ ಅಂದಂಗ.
ಈಗ ನೆನಪಾಗಿ ಒಂದು ಸಾಲು ಸೇರಿಸಿ ಕೇಳಿದೆ:
ಹತ್ತೊಂಬತ್ತನೇ ವಾರ್ಡಿನೊಳಗ
ಕುಸುಬಿ ಓಣಿಯೊಳಗ
ಒಂದನೇ ವಾಲ್ವು ಐತೇನು?
ಇಲ್ಲ ಅಂತು.
ಅಷ್ಟ. ಚಾ ಕಾಸಾಕ ಎದ್ದೆ.

ತಿರುಗಿ ಬಂದು ಹಾಳಿ ತೆಗೆದ್ರ
ಹತ್ತೊಂಬತ್ತರ ಕೊನೀಗೆ ಹೊಸದೊಂದು ಓಣಿ ಕುಂತಿತ್ತು:
ಕುಸುಬಿ ಓಣಿ. ವಾಲ್ವು ಸೊನ್ನೆ. ತಾಸು ಸೊನ್ನೆ.

ಗೊತ್ತಿದ್ದ ಚಾಳಿ ಇದು.
ಒಳಗಿನ ಗಂಟು ಕೇಳಬೇಕಂದ್ರ
ಹೊರಗಿಂದು ಬಿಚ್ಚಬೇಕಲ್ಲ.
ಅದ ಇಲ್ಲದಿದ್ರ, ಈ ಭಾಷೆ ಸದ್ದಿಲ್ಲದ
ಒಂದು ಖಾಲಿ ಗಂಟು ಕಟ್ಟಿ ಇಟ್ಟು
ಆಮ್ಯಾಲೆ "ಒಳಗ ಏನೂ ಇಲ್ಲ" ಅಂತೈತಿ.
ಮದ್ದೂ ಗೊತ್ತು: ಹೊರಬಾಗಿಲಾಗ ನಿಂತು
ಮೊದಲು ಓಣಿ ಐತೇನು ಅಂತ ಕೇಳಬೇಕು,
ಐತಿ ಅಂದ್ರ ಅಷ್ಟ ಒಳಗ ಕಾಲಿಡಬೇಕು.
ಒಂದ ಸಾಲಿನ ರಿಪೇರಿ.

ಕೀ ಮ್ಯಾಲೆ ಬೆರಳಿಟ್ಟಾಗ ಮಾಬುಸಾಬ ಬಂದ,
ಮೊಣಕಾಲಮಟ ತೋಯ್ದ ಪ್ಯಾಂಟು,
ಹೆಗಲ ಮ್ಯಾಲೆ ಎದಿಯೆತ್ತರದ ಕಬ್ಬಿಣದ ಕೀಲಿ.
"ಕಾಕಾ, ಕುಸುಬಿ ಓಣಿ ಅಂತ ಇಲ್ಲಲ್ಲ?"
ಕೀಲಿ ಗ್ವಾಡಿಗೆ ಆನಿಸಿದ.
"ಯಾಕಿಲ್ಲ? ಹಳೇ ಎಣ್ಣಿ ಗಾಣದ ಹಿಂದ, ನಲವತ್ತು ಮನಿ.
ಪೈಪು ಹಾಕಿಲ್ಲ, ಅದಕ್ಕ ವಾಲ್ವಿಲ್ಲ.
ವಾಲ್ವಿಲ್ಲ, ಅದಕ್ಕ ನಾ ಬರ್ದಿಲ್ಲ.
ಚಾ ಉಳದೈತೇನು?"

ಇಡೀ ತಿಂಗಳು ಲಾಗ್ ಸುಳ್ಳು ಹೇಳಿರಲಿಲ್ಲ,
ಆದದ್ದನ್ನ ಆದಂಗ ಬರ್ದಿತ್ತು.
ಆಗದ್ದಕ್ಕ ಸಾಲು ಎಲ್ಲಿಂದ ಬರಬೇಕು?

ರಿಪೇರಿ ಮಾಡಲಿಲ್ಲ.
ಮುಂಜಾನೆ ಸಾಹೇಬರ ಪೆನ್ನು ಹಾಳಿ ಮ್ಯಾಲೆ ಜಾರುತ ಬಂದು
ಹತ್ತೊಂಬತ್ತಕ್ಕ ನಿಂತಿತು.
"ಇದೇನ್ರಿ ಸೊನ್ನೆ? ತಪ್ಪು ಬಂದೈತಲ್ಲ?"
"ಹೌದ್ರಿ ಸರ್," ಅಂದೆ, "ತಪ್ಪ."
ಅದರ ಸುತ್ತ ಒಂದು ಕೆಂಪು ಸುತ್ತು ಹಾಕಿದರು.
ಅಳಿಸಬೇಕೋ, ಅಗೀಬೇಕೋ, ಬರೀಲಿಲ್ಲ.

ಮಧ್ಯಾಹ್ನ ದ್ಯಾಮಕ್ಕಗ ಫೋನ್ ಹಚ್ಚಿದೆ.
"ನಿಮ್ಮ ಓಣಿ ಹಾಳಿ ಮ್ಯಾಲೆ ಬಂದೈತ್ರಿ."
"ಹೌದಾ," ಅಂದಳು. ಆಮ್ಯಾಲೆ,
"ನೀರು?"